ಪಂಚಮಿಯ ದಿನ ಚಿವುಟಿದ ಟೊಮೇಟೊ

ಎರಡು ವರ್ಷದ ಹಿಂದಿನ ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆದುಕೊಂಡು ಹೋಗಬೇಕು, ತವರಿನಲ್ಲಿ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ನನ್ನ ತವರು ಹುಕ್ಕೇರಿ, ಗಂಡನ ಮನೆ ಕಲ್ಲೋಳಿ. ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಕೂತಿದ್ದೆ. ಹಬ್ಬದ ಹಿಂದಿನ ದಿನ ಅಣ್ಣನ ಫೋನು ಬಂತು.

“ತಂಗಿ, ಸೇತುವಿ ಮ್ಯಾಲ ನೀರು ಬಂದೈತಿ. ಗಾಡಿ ಬಿಡವಲ್ರು. ಈ ಸಲ ಅಲ್ಲೇ ಹಬ್ಬ ಮಾಡವಾ.”

ನನಗೆ ಎಂಥ ಸಿಟ್ಟು ಬಂತೆಂದರೆ ಮಳೆಗೂ ಬೈದೆ, ಹೊಳೆಗೂ ಬೈದೆ. ಮರುದಿನ ಮುಖ ಊದಿಸಿಕೊಂಡು ಹಿತ್ತಲಿಗೆ ಹೋದೆ.

ಆ ಹಿತ್ತಲೇ ಆಗ ನನ್ನ ಜೀವ. ಆದರೆ ಅದು ನನ್ನ ಕೈ ತಪ್ಪುವುದರಲ್ಲಿತ್ತು. ಅಲ್ಲಿ ಎಮ್ಮೆಗೆ ಕೊಟ್ಟಿಗೆ ಕಟ್ಟಬೇಕೆಂದು ಮಾವನವರು ಹಟ ಹಿಡಿದಿದ್ದರು. ನಾನು ಕಾರಹುಣ್ಣಿಮೆಯ ಹೊತ್ತಿಗೆ ಹಳೆಯ ಬುಟ್ಟಿಯಲ್ಲಿ ಮಣ್ಣು, ಗೊಬ್ಬರ ಕಲಸಿ ಟೊಮೇಟೊ ಬೀಜ ಉದುರಿಸಿದ್ದೆ. ಬೀಜ ಆಳಕ್ಕೆ ಹೋದರೆ ಮೇಲೇಳುವುದಿಲ್ಲ, ಅದಕ್ಕೇ ಮೇಲೆ ತೆಳ್ಳಗೆ ಮಣ್ಣು ಹಾಕಿ ಕೈಯಿಂದ ನೀರು ಚಿಮುಕಿಸುತ್ತಿದ್ದೆ. ಸಸಿ ಎದ್ದ ಮೇಲೆ ಸಾಲಾಗಿ ನೆಟ್ಟೆ. ಅದನ್ನು ನೋಡಿ ಮಾವನವರು ಮೀಸೆಯಲ್ಲೇ ನಕ್ಕು ಒಂದು ಮಾತು ಹೇಳಿದ್ದರು.

“ಮಹಾನವಮಿ ತನಕಾ ನೋಡತೇನಿ. ಒಂದು ಬುಟ್ಟಿ ಟಮಾಟಿ ಬಂದ್ರ ಹಿತ್ತಲ ನಿಂದು. ಇಲ್ಲಂದ್ರ ಎಮ್ಮಿದು.”

ಎಮ್ಮೆಯ ಜೊತೆ ಪೈಪೋಟಿಗೆ ಬಿದ್ದ ಸೊಸೆ ಇಡೀ ಊರಿಗೆ ನಾನೊಬ್ಬಳೇ ಇರಬೇಕು!

ಪಂಚಮಿಯ ಆ ಮುಂಜಾನೆ ನೋಡಿದರೆ ಗಿಡಗಳು ಮೈತುಂಬ ಕವಲೊಡೆದಿದ್ದವು. ಕಾಂಡಕ್ಕೂ ಎಲೆಗೂ ನಡುವೆ, ಬಗಲಿನಲ್ಲಿ ಹುಟ್ಟುವ ಚಿಗುರನ್ನು ತೆಗೆಯದಿದ್ದರೆ ಗಿಡದ ಬಲವೆಲ್ಲ ಸೊಪ್ಪಿಗೇ ಹೋಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಅಣ್ಣ ಬಾರದ ಸಿಟ್ಟೂ ಇತ್ತು. ಗೇಣುದ್ದ ಬೆಳೆದಿದ್ದ ಚಿಗುರುಗಳನ್ನೆಲ್ಲ ಚಟಚಟನೆ ಚಿವುಟತೊಡಗಿದೆ.

ಅಷ್ಟರಲ್ಲಿ ನಾಗಪ್ಪನಿಗೆ ಹಾಲೆರೆದು ಅತ್ತೆ ಹಿತ್ತಲಿಗೆ ಬಂದರು. ಮಣ್ಣಿನೊಳಗಿರುವ ನಾಗಪ್ಪನಿಗೆ ನೋವಾಗುತ್ತದೆಂದು ನಮ್ಮಲ್ಲಿ ಆ ದಿನ ನೆಲ ಅಗೆಯುವುದಿಲ್ಲ, ಕಾಯಿಪಲ್ಲೆ ಹೆಚ್ಚುವುದಿಲ್ಲ.

“ಅಯ್ಯ ನಮ್ಮವ್ವಾ! ಪಂಚಮಿ ದಿನ ಹಸರು ಚಿವುಟಾಕತ್ತಿಯಲ್ಲ, ನಿನಗ ಬುದ್ಧಿ ಐತೋ ಇಲ್ಲೋ?”

“ಈಳಿಗಿ ಮುಟ್ಟಿಲ್ರಿ ಅತ್ತಿ. ಬರೇ ಉಗುರಲೇ ಚಿವುಟೇನಿ.”

“ಉಗುರೇನು ಸ್ವರ್ಗದಿಂದ ಇಳದು ಬಂದೈತೇನು? ಮೊಬೈಲ್ನ್ಯಾಗ ನೋಡಿ ಟಮಾಟಿ ಬೆಳಿತಾಳಂತ!”

ಬೈಯುತ್ತಲೇ ಅತ್ತೆ ಬಿದ್ದಿದ್ದ ಚಿಗುರುಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಹೋದರು. ತಿಪ್ಪೆಗೆ ಎಸೆದಿರಬೇಕು ಎಂದುಕೊಂಡೆ.

ಮಳೆ ಬಿಡಲೇ ಇಲ್ಲ. ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆ ಬಿದ್ದವು. ನೆಲಕ್ಕೆ ತಾಗುವ ಎಲೆಗಳನ್ನು ತೆಗೆದೆ, ಗಿಡಗಳನ್ನು ಕೋಲಿಗೆ ಕಟ್ಟಿದೆ. ಆದರೂ ಅರ್ಧಕ್ಕರ್ಧ ಗಿಡ ಕೊಳೆತು ಹೋದವು. “ನೋಡಿದಿ? ಪಂಚಮಿ ದಿನ ಚಿವುಟಿದ್ದಕ್ಕs ಹಿಂಗಾತು” ಎಂದರು ಅತ್ತೆ. ಗಣಪತಿ ಹಬ್ಬ ಮುಗಿಯುತ್ತಲೇ ಮಾವನವರು ಕೊಟ್ಟಿಗೆಯ ಕಂಬಗಳನ್ನು ತಂದು ಬೇಲಿಗೆ ಆನಿಸಿ ನಿಲ್ಲಿಸಿದರು. ಉಳಿದ ಗಿಡಗಳಿಂದ ಬುಟ್ಟಿಯ ತಳವೂ ಮುಚ್ಚುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ದಿನ ಊಟ ಸೇರಲಿಲ್ಲ.

ಮರುದಿನ ಬಚ್ಚಲ ನೀರು ಕಟ್ಟಿಕೊಂಡಿದೆಯೆಂದು ಬಚ್ಚಲಮನೆಯ ಹಿಂದೆ ಹೋದೆ. ನಾವ್ಯಾರೂ ಅತ್ತ ಹೋಗುವವರಲ್ಲ. ನೋಡುತ್ತೇನೆ, ಗೋಡೆಗುಂಟ ಟೊಮೇಟೊ ಗಿಡಗಳ ಸಾಲು! ಸೂರಿನ ಕೆಳಗಿದ್ದುದರಿಂದ ಎಲೆಗೆ ಮಳೆ ಬಡಿದಿರಲಿಲ್ಲ. ಒಂದೂ ಚುಕ್ಕೆಯಿಲ್ಲ, ಮೈತುಂಬ ಹೂವು, ಅಲ್ಲಲ್ಲಿ ಕಡಲೆಕಾಳಿನಷ್ಟು ಕಾಯಿ.

“ಅತ್ತೀ! ಇವೇನ್ರಿ?”

ಅತ್ತೆಯ ಮುಖ ಬೆಣ್ಣೆ ಕದ್ದ ಬೆಕ್ಕಿನದಾಯಿತು. “ಹಬ್ಬದ ದಿನ ಕಿತ್ತ ಹಸರು ತಿಪ್ಪಿಗೆ ಒಗ್ಯಾಕ ಮನಸ್ಸಾಗಲಿಲ್ಲವಾ. ಹಸಿ ಮಣ್ಣಾಗ ಚುಚ್ಚಿ, ತಪ್ಪಾತಪ್ಪಾ ಅಂತ ಕೈ ಮುಗದು ಬಂದೆ. ಬೇರು ಬಿಟ್ಟಾವು.”

“ಮತ್ತ ನನಗ ಯಾಕ ಹೇಳಲಿಲ್ರಿ?”

“ಹೆಂಗ ಹೇಳಲಿ? ಪಂಚಮಿ ದಿನ ನೆಲಾ ಚುಚ್ಚೇನಲ್ಲ!”

ನಾನು ಬಾಯಿ ತೆರೆಯುವ ಮೊದಲೇ ಅವಸರದಲ್ಲಿ ಸೇರಿಸಿದರು, “ಕುರ್ಪಿ ಮುಟ್ಟಿಲ್ಲ ಮತ್ತ. ಬರೇ ಬೆರಳಲೇ ಚುಚ್ಚೇನಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ನಕ್ಕಿದ್ದೇ ನಕ್ಕಿದ್ದು, ಹೊಟ್ಟೆ ಹಿಡಿದುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆವು.

ಅಂದಿನಿಂದ ಅತ್ತೆ ನನ್ನ ಕಡೆ. ಬಗಲ ಚಿಗುರನ್ನು ಅವರೇ ಚಿವುಟುವರು. “ಇದನ್ನ ತಗೀಲೇನು?” ಎಂದು ಕೇಳಿದರೆ ನಾನು, “ಅದರಾಗ ಹೂವಿನ ಗೊಂಚಲ ಐತ್ರಿ, ಬಿಡ್ರಿ. ಎಲಿ ಬಗಲಾಗಿಂದು ಅಷ್ಟ ತಗೀರಿ” ಎನ್ನುವೆ. ಬಗಲ ಚಿಗುರು ತೆಗೆದರೆ ಅದನ್ನು ಎಸೆಯಬಾರದು, ನೆಟ್ಟರೆ ಗಿಡವಾಗುತ್ತದೆ ಎಂಬುದನ್ನು ನಾನು ಕಲಿತದ್ದು ಮೊಬೈಲಿನಿಂದಲ್ಲ, ಅತ್ತೆಯ ದೇವರ ಭಯದಿಂದ.

ದಸರೆಯ ದಿನ ಬನ್ನಿ ಕೊಡಲು ಊರವರೆಲ್ಲ ಮನೆಗೆ ಬಂದಿದ್ದರು. ಅತ್ತೆ ಪಡಸಾಲೆಯ ನಡುವೆ ಬುಟ್ಟಿ ತಂದು ಧಪ್ಪನೆ ಇಳಿಸಿದರು. ಕೆಂಪಗೆ, ಕಂಠಮಟ ಟೊಮೇಟೊ! ಬನ್ನಿ ಕೊಟ್ಟವರಿಗೆಲ್ಲ ಎಲೆಯ ಜೊತೆ ಒಂದೊಂದು ಹಣ್ಣು ಕೈಗಿಟ್ಟು, “ನಮ್ಮ ಸೊಸಿ ಬೆಳದ ಬಂಗಾರ ತಗೋರಿ” ಎಂದರು. ನನಗೆ ಕಣ್ಣು ತುಂಬಿ ಬಂತು.

ನಾನು ಮಾವನವರಿಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ಅವರು ಒಂದು ಹಣ್ಣನ್ನು ಧೋತರಕ್ಕೆ ಒರೆಸಿ ಕಚ್ಚಿದರು. ರಸ ಮೀಸೆಗೆ ಹತ್ತಿತು.

“ಎಮ್ಮಿ ಮುಂದಿನ ಅಂಗಳದಾಗs ಇರಲಿ ಬಿಡ. ಅಕಿ ಸೋತಾಳ.”

ಕೊಟ್ಟಿಗೆಗೆಂದು ತಂದ ಕಂಬಗಳಿಗೆ ಈಗ ನನ್ನ ಹೀರೆಬಳ್ಳಿ ಹಬ್ಬಿದೆ. ಹೋದ ವರ್ಷ ಪಂಚಮಿಗೆ ಸೇತುವೆ ತೆರೆದಿತ್ತು, ಅಣ್ಣ ಕರೆಯಲು ಬಂದ. ಚೀಲ ಹಿಡಿದು ಹೊರಟವಳನ್ನು ಅತ್ತೆ ಬಾಗಿಲಲ್ಲೇ ತಡೆದರು.

“ಹಬ್ಬ ನಾಳೆ ಐತಿ. ಇವತ್ತ ಚಿಗುರು ಚಿವುಟಿ ಹೋಗವಾ. ನಾಳೆ ನಾ ಬರೇ ಬೆರಳಲೇ ಚುಚ್ಚತೇನಿ.”