ವಿಮಲಾ ಮೇಡಂಗೆ ಸುರಿದ ಗುಲಾಬಿಗಳು

ಗುಲಾಬಿ ಹೂವಿನಿಂದ ಯಾರಾದರೂ ಕೆಲಸ ಕಳೆದುಕೊಳ್ಳುತ್ತಾರಾ? ಕಳೆದ ವಾರ ನಮ್ಮ ಸರೋಜಿನಿ ನಗರದಲ್ಲಿ ಒಬ್ಬಳು ಕಳೆದುಕೊಂಡಳು. ಅದೂ ಎಂಥ ಗುಲಾಬಿ! ಕಂಪ್ಯೂಟರಿನಲ್ಲಿ ಅರಳಿ, ಮಿನುಗಿ, ಜೊತೆಗೆ ಹಾಡನ್ನೂ ಹಾಡುವಂಥದ್ದು.

ನಾನು ಯಾವ ಇನ್‌ಸ್ಟಿಟ್ಯೂಟಿಗೂ ಹೋಗದೆ ವೆಬ್‌ಪೇಜ್ ಮಾಡಲು ಕಲಿತವನು. (ಇದನ್ನು ಹೇಳಿ ಹೇಳಿ ನಿಮಗೆ ಬೋರ್ ಹೊಡೆಸಿದ್ದೇನೆ, ಗೊತ್ತು.) ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬಿಡಿಸುವವರು ಆರ್.ಕೆ.ಪುರಂನ ವಿಮಲಾ ಮೇಡಂ. ಮೇಲ್ ಗ್ರೂಪಿನಲ್ಲಿ ವಾರಕ್ಕೊಂದು ಪಾಠ ಹಾಕುತ್ತಾರೆ. ನಾವು ಪೇಜ್ ಮಾಡಿ ಕಳಿಸಬೇಕು, ಅವರು ತಿದ್ದಿ ಕಳಿಸುತ್ತಾರೆ. ಎಲ್ಲ ಫ್ರೀ. ಗ್ರೂಪಿನಲ್ಲಿ ನೂರಾರು ಜನ. ಪೇಜ್ ಕಳಿಸುವವರು? ಬೆರಳೆಣಿಕೆ.

ಅವರಲ್ಲೊಬ್ಬಳು ನಮ್ಮ ಮೇಲಿನ ಮನೆಯ ದೇಚಮ್ಮ. ನೆಹರೂ ಪ್ಲೇಸಿನ ಪುಟ್ಟ ಕಂಪನಿಯೊಂದು ಅವಳಿಗೆ ಹೇಳಿತ್ತು: ಬುಧವಾರ ಸಂಜೆ ಐದರೊಳಗೆ ಸ್ಯಾಂಪಲ್ ಪೇಜ್ ಮೇಲ್ ಮಾಡು, ಚೆನ್ನಾಗಿದ್ದರೆ ಕೆಲಸ ನಿನ್ನದು. ಅವಳ ಮೊದಲ ಕೆಲಸ. ಪೇಜ್ ರೆಡಿ, ಆದರೆ ಮೆನು ಒಂದು ಕಡೆಗೆ ವಾಲಿಕೊಂಡಿತ್ತು. ನನಗೂ ಸರಿಮಾಡಲು ಆಗಲಿಲ್ಲ. ಮೇಡಂಗೆ ಮೇಲ್ ಹಾಕಿದಳು. ಬುಧವಾರ ಮಧ್ಯಾಹ್ನ ಅದು ವಾಪಸ್ ಬಂತು. ಮೇಡಂ ಮೇಲ್‌ಬಾಕ್ಸ್ ಫುಲ್ಲಂತೆ!

"ಅಣ್ಣಾ, ಅಬ್ ಕ್ಯಾ? ಫೋನೂ ಎಂಗೇಜ್ ಬರ್ತಿದೆ."

"ಫ್ಲಾಪಿ ತಗೋ. ಚಲೋ, ಆಟೋ ಹಿಡಿಯೋಣ."

ಮೇಡಂ ಕಂಪ್ಯೂಟರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಹಿಂದಿನ ದಿನ ಶಿಕ್ಷಕರ ದಿನಾಚರಣೆ. ಇಡೀ ಗ್ರೂಪು ಭಕ್ತಿಯಿಂದ ಮೇಲ್‌ನಲ್ಲಿ ಗುಲಾಬಿಯ ಗ್ರೀಟಿಂಗ್ ಕಾರ್ಡ್ ಸುರಿದಿತ್ತು. ಇಂಟರ್‌ನೆಟ್ಟಿಗೂ ಅದೇ ಆದ ಫೋನ್ ಲೈನನ್ನು ಹಿಡಿದುಕೊಂಡು ಗುಲಾಬಿಗಳು ಒಂದೊಂದಾಗಿ ಇಳಿಯುತ್ತಿದ್ದವು.

"ಬೆಳಿಗ್ಗೆಯಿಂದ ಇದೇ ಆಯ್ತು ಕಣೋ. ಈ ಮಹಾಶಯ ಯಾರು ಗೊತ್ತಾ? ನನ್ನನ್ನ ಸಾಕ್ಷಾತ್ ಸರಸ್ವತಿ ಅಂದಿದ್ದಾನೆ. ಇವತ್ತಿನವರೆಗೆ ಒಂದು ಪೇಜ್ ಕಳಿಸಿದವನಲ್ಲ!"

"ಸರಸ್ವತಿಗೆ ಯಾರಾದ್ರೂ ಹೋಮ್‌ವರ್ಕ್ ತೋರಿಸ್ತಾರಾ ಮೇಡಂ?" ಎಂದೆ. (ಯಾರೂ ನಗಲಿಲ್ಲ.)

ದೇಚಮ್ಮನ ಕಣ್ಣು ಗಡಿಯಾರದ ಮೇಲಿತ್ತು. "ಮೇಡಂ ಪ್ಲೀಸ್, ಪೆಹಲೇ ನನ್ನ ಪೇಜ್ ನೋಡಿ."

ನೋಡಿದರು, ಕ್ಷಣದಲ್ಲಿ ಸರಿಮಾಡಿದರು. ಕಳಿಸೋಣವೆಂದರೆ ಹಾಡುವ ಕಾರ್ಡೊಂದು ಬಂದು ಕಂಪ್ಯೂಟರನ್ನೇ ಹ್ಯಾಂಗ್ ಮಾಡಿತು. ರೀಸ್ಟಾರ್ಟ್. ಮತ್ತೆ ಡಯಲ್. ಮತ್ತೆ ಕಟ್. ಪೇಜ್ ಹೊರಟಾಗ ಐದು ದಾಟಿತ್ತು. ಮರುದಿನ ಕಂಪನಿಯವರು ಹೇಳಿದ್ದಿಷ್ಟೇ: ಟೈಮಿಗೆ ಕಳಿಸಿದವರನ್ನು ತೆಗೆದುಕೊಂಡಾಯಿತು.

ಥ್ಯಾಂಕ್ಸ್ ಹೇಳುವುದು ತಪ್ಪೇನಯ್ಯ ಅನ್ನುತ್ತೀರಿ. ಯಾತಕ್ಕೆ ಥ್ಯಾಂಕ್ಸ್ ಸ್ವಾಮಿ? ತೆರೆದೇ ನೋಡದ ಪಾಠಕ್ಕಾ? ಹೂವೂ ಸ್ವಂತದ್ದಲ್ಲ, ಸಾಲೂ ಸ್ವಂತದ್ದಲ್ಲ. ಯಾರೋ ಕಳಿಸಿದ್ದು, ಇವರು ಫಾರ್ವರ್ಡ್ ಒತ್ತಿದ್ದು. ಒಂದು ಕಾರ್ಡಿನಲ್ಲಂತೂ ‘ಡಿಯರ್ ಸರ್’ ಎಂದಿತ್ತು! ಕಲಿಯುವುದಕ್ಕೆ ಮೈ ಬಗ್ಗಬೇಕು, ಪೂಜೆಗೆ ಒಂದು ಕ್ಲಿಕ್ ಸಾಕು.

ಮೇಡಂ ಗ್ರೂಪಿನಲ್ಲಿ ನೇರವಾಗಿ ಬರೆದರು: "ನಿಮ್ಮ ಕಾರ್ಡುಗಳ ದೆಸೆಯಿಂದ ದೇಚಮ್ಮನಿಗೆ ಕೆಲಸ ತಪ್ಪಿತು. ಇನ್ನು ಕಾರ್ಡ್ ಬೇಡ, ಪೇಜ್ ಕಳಿಸಿ."

ಉತ್ತರಗಳು ದಬದಬ ಬಂದವು. "ಮೇಡಂ, ಯೂ ಆರ್ ಸೋ ಹಂಬಲ್!" "ಯು ಆರ್ ಗ್ರೇಟ್ ಮೇಡಂ!" ದೇಚಮ್ಮನ ಬಗ್ಗೆ ಒಂದಕ್ಷರವಿಲ್ಲ. ಪೇಜ್ ಒಂದೂ ಇಲ್ಲ.

ಇವರಿಗೆ ಬೇಕಾಗಿರುವುದು ಟೀಚರಾ, ಮೂರ್ತಿಯಾ?