ರುಚಿ ನೋಡದ ಕೈ

ಈ ದೇಶದ ಅಡುಗೆಮನೆಯಲ್ಲಿ ನನ್ನ ಕೈಗೆ ಮೊದಲು ಬಂದದ್ದು ಪಾತ್ರೆ ತುಂಬ ಬೇಯಿಸಿದ ಮೊಟ್ಟೆ. ಅಜ್ಜಂಪುರದ ನಮ್ಮ ಮನೆಯ ಹೊಸಿಲನ್ನು ಮೊಟ್ಟೆ ಎಂದೂ ದಾಟಿರಲಿಲ್ಲ. ಸಿಪ್ಪೆ ಸುಲಿದಂತೆ ಅವು ಕೈಯಿಂದ ಜಾರುತ್ತಿದ್ದವು, ನಾನು ಮುಖ ಆಚೆ ತಿರುಗಿಸಿಕೊಂಡೇ ಸುಲಿದೆ.

“ಡೆವಿಲ್ಡ್ ಎಗ್ಸ್ ಮಾಡು. ಏಷ್ಯಾದವಳಲ್ಲವಾ, ನಿಮ್ಮ ಕಡೆಯ ರುಚಿ ಸ್ವಲ್ಪ ಸೇರಿಸು” ಎಂದಳು ಮುಖ್ಯ ಅಡುಗೆಯವಳು ಮೋರೀನ್. ಮೊಟ್ಟೆ ಸೀಳಿ, ಹಳದಿಯನ್ನು ಮೇಯನೇಸ್ ಜೊತೆ ಕಲಸಿ, ಮತ್ತೆ ಬಿಳಿಯ ಗುಳಿಗೇ ತುಂಬುವ ತಿಂಡಿ ಅದು. ನಮ್ಮ ಕಡೆ ಎಂದರೆ ಯಾವ ಕಡೆ? ಸೋಯಾ ಸಾಸನ್ನು ನಾನು ಕಂಡದ್ದೇ ಕಡೂರು ಬಸ್ ಸ್ಟ್ಯಾಂಡಿನ ಗೋಬಿ ಮಂಚೂರಿ ಗಾಡಿಯಲ್ಲಿ.

ನರ್ಸ್ ಕೆಲಸದ ಗಂಡನ ಹಿಂದೆ ಇಂಗ್ಲೆಂಡಿನ ಉತ್ತರಕ್ಕೆ ಬಂದವಳು ನಾನು. ಇಲ್ಲಿನವರು ಸಂಜೆಯ ಊಟಕ್ಕೆ ‘ಟೀ’ ಎನ್ನುತ್ತಾರೆ. ಮೊದಲ ವಾರ ಪಕ್ಕದ ಮನೆಯವರು ಟೀಗೆ ಕರೆದಾಗ ಚಹಾಕ್ಕೆಂದು ಕಾದು ಪೆಚ್ಚಾಗಿದ್ದೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಆ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿ ಹುಚ್ಚು ಹಿಡಿಯುವಂತಾದಾಗ ವೃದ್ಧರ ಮನೆಯ ಈ ಅಡುಗೆ ಕೆಲಸ ಸಿಕ್ಕಿತು, ಸದ್ಯಕ್ಕೆ ಪರೀಕ್ಷಾರ್ಥವಾಗಿ ಮಾತ್ರ. ಇದೂ ಕೈತಪ್ಪಿದರೆ ಮತ್ತೆ ಅದೇ ಗೋಡೆ.

ಅಮ್ಮ ಮಠದ ದಾಸೋಹದಲ್ಲಿ ಅಡುಗೆ ಮಾಡಿ ಪಳಗಿದವಳು. ಎಡೆ ಇಡುವ ಮುಂಚೆ ರುಚಿ ನೋಡಿದರೆ ಅಡುಗೆ ಎಂಜಲು. ಹಬೆಯ ವಾಸನೆಯಲ್ಲೇ ಅವಳು ಉಪ್ಪಿನ ಹದ ಹೇಳುತ್ತಿದ್ದಳು. ನಾನೂ ಹಾಗೆಯೇ ಶುಂಠಿ, ಎಳ್ಳು, ಸೋಯಾ ಸಾಸ್ ಹಾಕಿ, ಕೈಯ ಅಂದಾಜಿನಲ್ಲಿ ಉಪ್ಪು ಉದುರಿಸಿ ತುಂಬಿಟ್ಟೆ. ಸಾಸಿನಲ್ಲೇ ಉಪ್ಪಿದೆಯೆಂದು ಆ ಕೈಗೇನು ಗೊತ್ತು?

ಮೋರೀನ್ ಒಂದು ತುಂಡು ಬಾಯಿಗಿಟ್ಟು ಉಗಿದಳು.

“ನೀನು ರುಚಿ ನೋಡಲಿಲ್ಲವಾ?”

“ನಾವು ನೋಡುವುದಿಲ್ಲ.”

“ನೀನು ನೋಡದ್ದನ್ನು ನನ್ನ ಮುದುಕರ ಬಾಯಿಗೆ ಇಡುತ್ತೀಯಾ?”

ಸಿಟ್ಟು ಬಂತು. ಅವಳು ಹೇಳಿದ್ದು ಸರಿ ಎನಿಸಿ ಇನ್ನಷ್ಟು ಸಿಟ್ಟು ಬಂತು. ಹೊಸದಾಗಿ ಕಲಸಿದೆ, ಉಪ್ಪು ಬಿಟ್ಟೆ, ನಿಂಬೆ ಹಿಂಡಿದೆ. ಕೊರಳಿನ ಲಿಂಗವನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ಚಮಚ ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಬಂತು. ಹದವಾಗಿತ್ತು! ಸಂಜೆಗೆ ತಟ್ಟೆಗಳು ಖಾಲಿಯಾದವು, ಕೆಲಸ ಉಳಿಯಿತು. ಅಲ್ಲಿಂದಾಚೆಗೆ ರುಚಿ ನೋಡುವುದು ಅಭ್ಯಾಸವಾಯಿತು.

ಈ ಸಲ ಊರಿಗೆ ಹೋದಾಗ ಸೋಮವಾರ ಅಮ್ಮನ ಹುಳಿ ಕುದಿಯುತ್ತಿತ್ತು. ಮಾತಾಡುತ್ತಲೇ ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿ, ಸೌಟನ್ನು ಮತ್ತೆ ಪಾತ್ರೆಗೆ ಹಾಕಿದೆ.

“ಅಯ್ಯೋ, ಎಂಜ್ಲು ಮಾಡ್ಬಿಟ್ಯಲ್ಲೇ! ಎಡೆ ಇನ್ನೂ ಇಕ್ಕಿಲ್ಲ ಕಣೇ!”

ನಾನು ಸೌಟು ಬಿಟ್ಟು ಹಿಂದೆ ಸರಿದೆ. ಅಮ್ಮ ಪಾತ್ರೆ ಕೆಳಗಿಳಿಸಿ ಬೇರೆ ಬೇಳೆ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಮುಖ ನೋಡದೆ, “ಉಪ್ಪು ಹೆಂಗಿತ್ತೇ?” ಎಂದಳು. ಅವಳು ಹಾಗೆ ಕೇಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

“ಒಸಿ ಕಮ್ಮಿ ಇತ್ತು ಕಣಮ್ಮ.”

ಅವಳು ಹೊಸ ಹುಳಿಯ ಹಬೆಗೆ ಮುಖವೊಡ್ಡಿ, ಎಂದಿನಂತೆ ಮೂಸಿ, ಎಂದಿನಷ್ಟೇ ಉಪ್ಪು ಹಾಕಿದಳು. ಎಡೆಯಾಯಿತು, ಎಲ್ಲರೂ ಚಪ್ಪರಿಸಿ ಉಂಡರು. ಆ ಹುಳಿಗೂ ಉಪ್ಪು ಕಡಿಮೆಯೇ ಇತ್ತು. ಅದು ತಿಳಿದದ್ದು ನನ್ನೊಬ್ಬಳಿಗೇ. ಉಪ್ಪು ಕೇಳದೆ ಉಂಡೆದ್ದೆ.