ಬಳಪದ ಕಲ್ಲಲ್ಲಿ ಲೆಕ್ಕದ ಮೇಷ್ಟ್ರು

ಬೆಳಿಗ್ಗೆ ಬಳಪದ ಕಲ್ಲು ಕೊಯ್ಯುವಾಗ ಎದ್ದ ಪುಡಿಯ ವಾಸನೆಗೆ, ಹಳೇಬೀಡಿನಲ್ಲಿ ನಾನು ಓದಿದ ಶಾಲೆಯ ಲೆಕ್ಕದ ಮೇಷ್ಟ್ರು ನೆನಪಾದರು.

"ನಿನ್ ತಲೇಲಿ ಬರೀ ಕಲ್ಲೈತೆ ಕಣೋ" ಎಂದು ದಿನಾ ನನ್ನನ್ನು ತೋರಿಸಿ ತರಗತಿಯನ್ನು ನಗಿಸುತ್ತಿದ್ದರು. ಸೇಡಿಗೆ ಅವರ ಮುಖವನ್ನೇ ಕೆತ್ತಲು ಕೂತೆ. ರೋಷದ ಮೊದಲ ಏಟಿಗೇ ಕಲ್ಲು ಸೀಳಿತು. ಶಿಲ್ಪಿಯಾಗಿದ್ದ ಸೋದರಮಾವ ನಕ್ಕರು: "ಸಿಟ್ಟು ಇರ್ಲಿ ಬಿಡ್ಲಾ, ಕೈಗೆ ಮಾತ್ರ ಇಳಿಸ್ಬ್ಯಾಡ."

ಉಳಿ ನಿಧಾನವಾದಂತೆ ಯೋಚನೆಯೂ ನಿಧಾನವಾಯಿತು, ಸೇಡು ಮಾತ್ರ ಹರಿತವಾಯಿತು. ಇನ್ನೊಂದು ಕಲ್ಲಿನಲ್ಲಿ ಮೇಷ್ಟ್ರ ಗಿಣಿಮೂಗು ಹಾಗೇ ಮೂಡಿತು. ಆ ಮುಖವನ್ನು ಒಯ್ದು ಅವರ ಮೇಜಿನ ಮೇಲಿಟ್ಟೆ. ತರಗತಿ ಗೊಳ್ಳೆಂದಿತು.

"ಯಾರ್ಲಾ ಇದು?" ಎಂದರು.

"ನೀವೇ ಸಾ."

ನೆಲಕ್ಕೆಸೆದು ಒಡೆದರು. ನನಗೆ ಅಳು ಬರಲಿಲ್ಲ. ಇನ್ನೊಂದು ಮಾಡುವುದು ಕೈಗೆ ಗೊತ್ತಿತ್ತು. ಅವತ್ತೇ ಶಾಲೆ ಬಿಟ್ಟೆ.

ಇವತ್ತಿಗೂ ನಾನು ಕೆತ್ತುವ ಪ್ರತಿ ರಾಕ್ಷಸನಿಗೂ ಅದೇ ಮೂಗು. ಊರವರು ಗುರುತು ಹಿಡಿದು ನಗುತ್ತಾರೆ. ನಾನು ಬೇಡ ಅನ್ನುವುದಿಲ್ಲ.